ಒಂದು ನೂಲು ಒಳಕ್ಕೆ

ಯಲಹಂಕದ ಪಕ್ಕದ ಕೋಗಿಲಿನ ಹಳೇ ಊರಿನೊಳಗೆ ಮುನಿಆಂಜಿನಪ್ಪನವರು ನಿಲ್ಲಿಸದ ತಲೆಬಾಗಿಲು ಹುಡುಕಿದರೆ ನಾಲ್ಕೋ ಐದೋ ಸಿಕ್ಕಾವು. ಗಾರೆ ಕೆಲಸದಲ್ಲಿ ನಲವತ್ತು ವರ್ಷ ಸವೆಸಿದ ಮನುಷ್ಯ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಉಳಿದ ಮೇಸ್ತ್ರಿಗಳು ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟರೆ, ಇವರು ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಒಂದು ಸಲ ನೋಡಿ, "ಮೇಲ್ಗಡೆ ಒಂದ್ ನೂಲು ಆಚೆಗೈತೆ" ಎಂದುಬಿಡುತ್ತಿದ್ದರು. ಇಂಚಿನಲ್ಲಿ ಎಂಟನೇ ಒಂದು ಪಾಲಿಗೆ ಮೇಸ್ತ್ರಿಗಳು ನೂಲು ಎನ್ನುತ್ತಾರೆ. ಆಮೇಲೆ ಗುಂಡು ಬಿಟ್ಟು ನೋಡಿದರೆ ಸರಿಯಾಗಿ ಅಷ್ಟೇ ಇರುತ್ತಿತ್ತು. ಇಂಥವರು ಈ ಬೇಸಿಗೆಯಲ್ಲಿ ಸ್ವಂತ ಮನೆಯ ನೆಟ್ಟನೆಯ ಗೋಡೆಯನ್ನು ಸೊಟ್ಟ ಎಂದು ಕೆಡವಿಸಿದರು ಎಂದರೆ ಊರು ನಗದೆ ಬಿಟ್ಟೀತೇ?

ಎರಡು ವರ್ಷದ ಹಿಂದೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೆಲಸ ಬಿಟ್ಟರು. ಬಿಟ್ಟರು ಎನ್ನುವುದಕ್ಕಿಂತ ಮಗ ಮುನೇಶ ಬಿಡಿಸಿದ ಎನ್ನಬೇಕು. ಮುನೇಶನದು ನೀರಿನ ಟ್ಯಾಂಕರ್ ಓಡಿಸುವ ಕೆಲಸ. ಅವನ ಹೆಂಡತಿ ರಾಣಿ ಯಲಹಂಕದಲ್ಲಿ ನರ್ಸರಿ ಶಾಲೆಯ ಟೀಚರು. ಮಗಳು ಶಿಲ್ಪ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಎರಡನೇ ವರ್ಷ. ಈ ಹುಡುಗಿ ಅಡುಗೆಮನೆಯ ಮೂಲೆಯಲ್ಲಿ, ಅಜ್ಜಿ ದ್ರೌಪದಮ್ಮನ ಒಗ್ಗರಣೆಯ ಘಾಟಿನಲ್ಲಿ ಕೂತು ಓದುವುದನ್ನು ನೋಡಲಾರದೆ, ಮೇಲೊಂದು ಮನೆ ಎಬ್ಬಿಸುವುದೆಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಕೆಲಸ ಹಿಡಿದವನು ಬೈರಣ್ಣ. ಹದಿನಾರನೇ ವಯಸ್ಸಿನಲ್ಲಿ ಮುನಿಆಂಜಿನಪ್ಪನವರಿಗೆ ಗಾರೆ ಕಲಸಿಕೊಡುತ್ತ ಕೆಲಸ ಕಲಿತವನು, ಈಗ ಅವನ ಕೈಕೆಳಗೇ ಹತ್ತು ಜನ ಇದ್ದಾರೆ.

"ಗೋಡೆ ನೀನು ಕಟ್ಲಾ ಬೈರ" ಎಂದಿದ್ದರು ಮುನಿಆಂಜಿನಪ್ಪ. "ತಲೆಬಾಗಿಲು ಮಾತ್ರ ನಾನ್ ನಿಲ್ಲಿಸ್ತೀನಿ. ಊರೋರ್ದೆಲ್ಲಾ ನಿಲ್ಲಿಸ್ಬುಟ್ಟು ನಮ್ಮನೇದು ಬೇರೆಯೋನು ನಿಲ್ಲಿಸಿದ್ರೆ ಮರ್ಯಾದೆ ಏನೈತೆ?"

"ನಿಮ್ಮ್ ಕೈಯಿಂದ್ಲೇ ಆಗ್ಲಿ ಅಣ್ಣ. ಆದ್ರೆ ಕಣ್ಣು?"

"ಅದಕ್ಕೇ ಆಪ್ರೇಷನ್ನು ಮಾಡಿಸ್ಕೊಳ್ತಿರೋದು."

ಅಲ್ಲಿಯವರೆಗೆ ಆಪರೇಷನ್ ಎಂದರೆ ಮೂರು ಬೀದಿ ಆಚೆ ಓಡುತ್ತಿದ್ದವರು ಈ ಒಂದು ಬಾಗಿಲಿಗಾಗಿ ಒಪ್ಪಿಕೊಂಡರು. ಸಂಕ್ರಾಂತಿ ಕಳೆದ ಮೇಲೆ ಎಡಗಣ್ಣು, ಯುಗಾದಿ ಕಳೆದ ಮೇಲೆ ಬಲಗಣ್ಣು. ಬಾಗಿಲು ನಿಲ್ಲಿಸಲು ಪೂಜಾರಿ ಕೊಟ್ಟ ದಿನ ಆಷಾಢಕ್ಕೆ ಮೂರು ದಿನ ಮುಂಚೆ. ಅದು ತಪ್ಪಿದರೆ ಇನ್ನೊಂದು ತಿಂಗಳು ಕೈ ಕಟ್ಟಿ ಕೂರಬೇಕಿತ್ತು.

ಆಪರೇಷನ್ನಿಗೆ ಮುಂಚೆ ಡಾಕ್ಟರಮ್ಮ ಸಮಾಧಾನವಾಗಿ ಹೇಳಿದ್ದರು. "ನೋಡಿ ಯಜಮಾನ್ರೇ, ಪೊರೆ ತೆಗೀತೀವಿ, ಒಳಗೆ ಲೆನ್ಸ್ ಹಾಕ್ತೀವಿ. ಆದ್ರೆ ನಿಮಗೆ ಅಸ್ಟಿಗ್ಮ್ಯಾಟಿಸಂ ಜಾಸ್ತಿ ಇದೆ. ಕಣ್ಣಿನ ಮುಂಭಾಗ ಚೆಂಡಿನ ಥರ ದುಂಡಗಿರಬೇಕು, ನಿಮ್ಮದು ಮೊಟ್ಟೆ ಥರ ಇದೆ. ಅದಕ್ಕೇ ಗೆರೆಗಳು ಮಸುಕಾಗಿ, ನೆರಳು ಬಿದ್ದ ಹಾಗೆ ಕಾಣುತ್ವೆ. ಅದನ್ನೂ ಸರಿಮಾಡೋ ಲೆನ್ಸ್ ಬೇರೆ ಬರುತ್ತೆ. ಬೇಡ ಅಂದ್ರೆ ಆಮೇಲೆ ಕನ್ನಡಕ ಹಾಕ್ಕೋಬೇಕು."

"ಹಾಕಿಸ್ಬಿಡೋಣ ಮಾವ" ಎಂದಳು ರಾಣಿ.

"ಕಣ್ಣಿಗೂ ಡಿಲಕ್ಸು ರೂಮಾ? ಬ್ಯಾಡಮ್ಮ. ಕನ್ನಡಕಾನೇ ಸಾಕು."

ಬಲಗಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಹಬ್ಬವೇ. ಮುನಿಆಂಜಿನಪ್ಪ ಹೊಸ್ತಿಲಲ್ಲೇ ನಿಂತರು. "ರಾಣಿ, ಪಡಸಾಲೆಗೆ ಹಸಿರು ಬಣ್ಣ ಯಾವಾಗ ಹೊಡೆಸಿದ್ರಿ?"

"ಎರಡು ವರ್ಷ ಆಯ್ತು ಮಾವ."

ಆಮೇಲೆ ಹೆಂಡತಿಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು. "ಅಲ್ಲ ದ್ರೌಪದಿ, ನೀನ್ ಯಾವಾಗ ಇಷ್ಟು ಮುದುಕಿ ಆಗೋದೆ?"

"ಮೊದ್ಲು ಕನ್ನಡೀಲಿ ನಿಮ್ಮ್ ಮಕ ನೋಡ್ಕಂಡ್ ಬನ್ನಿ, ಆಮೇಲೆ ನನ್ ಇಚಾರಕ್ ಬರೀರಂತೆ" ಎಂದರು ದ್ರೌಪದಮ್ಮ. ಶಿಲ್ಪ ನಗುತ್ತಾ ನೆಲದ ಮೇಲೆ ಕೂತೇಬಿಟ್ಟಳು.

ಮುಂದಿನ ಆರು ವಾರ ಮನೆಯಲ್ಲಿ ಎರಡು ಸರ್ಕಾರ ನಡೆದವು. ಒಂದು ರಾಣಿಯದು. ಶಾಲೆಯ ಮಕ್ಕಳಿಗೆ ಮಾಡುವಂತೆ ಅವಳು ಒಂದು ಚಾರ್ಟು ಬರೆದು ಫ್ರಿಜ್ಜಿಗೆ ಅಂಟಿಸಿದಳು. ಕೆಂಪು ಮುಚ್ಚಳದ ಡ್ರಾಪ್ಸಿಗೆ ಸೂರ್ಯನ ಚಿತ್ರ, ಬಿಳಿ ಮುಚ್ಚಳದ್ದಕ್ಕೆ ಚಂದ್ರನ ಚಿತ್ರ. ತಪ್ಪದೆ ಹಾಕಿಸಿಕೊಂಡ ದಿನ ಒಂದು ಬಂಗಾರದ ಬಣ್ಣದ ಸ್ಟಾರು. ಇನ್ನೊಂದು ದ್ರೌಪದಮ್ಮನ ಸರ್ಕಾರ. ಅವರ ಲೆಕ್ಕದಲ್ಲಿ ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಕೋಳಿಯಂತೂ ಮಹಾನಂಜು. ಡಾಕ್ಟರಮ್ಮ ಎಲ್ಲ ತಿನ್ನಬಹುದು ಎಂದಿದ್ದರೂ ತಟ್ಟೆಗೆ ಬೀಳುತ್ತಿದ್ದುದು ಮುದ್ದೆ ಮತ್ತು ನುಗ್ಗೆಸೊಪ್ಪಿನ ಸಾರು.

"ನಾನೇನು ಮೇಕೆನಾ?" ಎಂದು ಮುನಿಆಂಜಿನಪ್ಪ ಗೊಣಗಿದರೆ, ಡ್ರಾಪ್ಸು ಹಿಡಿದು ನಿಂತ ಶಿಲ್ಪ, "ಮೇಕೆ ಇಷ್ಟು ಒದ್ದಾಡಲ್ಲ ತಾತ. ನಿನ್ನೆ ಕಾಲೇಜಲ್ಲಿ ಒಂದಕ್ಕೆ ಹಾಕ್ದೆ, ಸುಮ್ನೆ ನಿಂತಿತ್ತು. ತಲೆ ಎತ್ತಿ" ಎನ್ನುತ್ತಿದ್ದಳು.

ಮೇಲಿನಿಂದ ಸಿಮೆಂಟಿನ ದೂಳು ಬೀಳುತ್ತದೆಂದು ಅವರಿಗೆ ಮೆಟ್ಟಿಲು ಹತ್ತಲು ಬಿಡಲಿಲ್ಲ. ಕೆಳಗೆ ಕೂತು ಗಾರೆ ಬಳಿಯುವ ಕರಣೆಯ ಸದ್ದು ಕೇಳುತ್ತಾ, "ಬೈರ, ಗಾರೆ ಗಟ್ಟಿಯಾಯ್ತು, ನೀರು ಚಿಮುಕ್ಸು" ಎಂದು ಕೂಗುವರು. ಸದ್ದಿನಲ್ಲೇ ತಿಳಿಯುತ್ತಿತ್ತು ಅವರಿಗೆ.

ಮೇ ತಿಂಗಳ ಕೊನೆಗೆ ಕನ್ನಡಕ ಬಂತು. ಯಲಹಂಕದ ಕನ್ನಡಕದ ಅಂಗಡಿಯ ಗೌಹರ್ ಎಂಬಾಕೆ ಅದನ್ನು ಕೊಡುವಾಗ ನಾಲ್ಕು ಮಾತು ಹೇಳಿದ್ದರು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೂ ಹಾಕಿರಬೇಕು. ಮೊದಲ ಎರಡು ವಾರ ನೆಲ ಓರೆಯಾದ ಹಾಗೆ ಅನ್ನಿಸುತ್ತದೆ, ಹೆದರಬಾರದು. ಕಣ್ಣು ಒಗ್ಗಿಕೊಳ್ಳುತ್ತದೆ. ತೊಂದರೆ ಇದ್ದರೆ ತಿರುಗಿ ಬರಬೇಕು. ಮುನಿಆಂಜಿನಪ್ಪ ನಾಲ್ಕಕ್ಕೂ ತಲೆ ಆಡಿಸಿ ನಾಲ್ಕನ್ನೂ ಅಂಗಡಿಯಲ್ಲೇ ಬಿಟ್ಟು ಬಂದರು.

ಮನೆಯಲ್ಲಿ ಕನ್ನಡಕ ಫ್ರಿಜ್ಜಿನ ಮೇಲೆ. ಮಹಡಿ ಹತ್ತುವಾಗ ಮಾತ್ರ ಮೂಗಿನ ಮೇಲೆ. ಬಗ್ಗಿದರೆ ಜಾರುತ್ತದೆಂದು ಗೋಡೆ ಕಟ್ಟುವ ದಾರವನ್ನೇ ಎರಡೂ ಕಡ್ಡಿಗೆ ಬಿಗಿದು, ಹಿಂದಲೆಗೆ ಗಂಟು ಹಾಕಿದರು. ಮೂಗಿನ ಬಲಗಡೆ ಒತ್ತಿ ಕೆಂಪಾಗಿದ್ದನ್ನು ನೋಡಿದ ದ್ರೌಪದಮ್ಮ ಅಯ್ಯೋ ಪಾಪ ಎಂದು ದೀಪದ ಬತ್ತಿ ಹೊಸೆಯುವ ಹತ್ತಿಯಿಂದ ಒಂದು ಉಂಡೆ ಮಾಡಿ, ಕನ್ನಡಕದಲ್ಲಿ ಮೂಗಿಗೆ ಆನುವ ಆ ಕಡೆಯ ಪುಟ್ಟ ದಿಂಬಿನ ಕೆಳಗೆ ಇಟ್ಟು, ದಾರ ಸುತ್ತಿ ಕೊಟ್ಟರು.

"ಈಗ ನೋವೈತಾ?"

"ಹೂವಿನಂಗೈತೆ."

ಹಾಗೆ ಸಜ್ಜಾಗಿ ಮಹಡಿ ಹತ್ತಿದ ತಾತನ ಒಂದು ಫೋಟೋ ಹೊಡೆದು ಶಿಲ್ಪ ಸ್ಟೇಟಸ್ಸಿಗೆ ಹಾಕಿದಳು. 'ಮೇಸ್ತ್ರಿ ವಾಪಸ್ ಬಂದ್ರು!' ಸಂಜಯನಗರದ ನೆಂಟರಿಂದ ಹಿಡಿದು ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು.

ಮೇಸ್ತ್ರಿ ಮೇಲಿನ ಹೊಸ ಪಡಸಾಲೆಯ ಪೂರ್ವದ ಗೋಡೆ ಮುಂದೆ ನಿಂತು ಎಡಗಣ್ಣು ಮುಚ್ಚಿದರು. ಹುಬ್ಬು ಗಂಟಾಯಿತು.

"ಬೈರ, ಇದೇನ್ಲಾ ಇಂಗೈತೆ? ಬಲಕ್ಕೆ ವಾಲೈತಲ್ಲೋ!"

"ಗುಂಡು ಬಿಟ್ಟು ನೋಡಿದೀನಣ್ಣ."

"ಬಿಡು ನೋಡಾನ."

ಬೈರಣ್ಣ ಗುಳ್ಳೆ ನಡುವೆ ನಿಲ್ಲುವ ರಸಮಟ್ಟ ಇಟ್ಟು ತೋರಿಸಿ, ಗುಂಡೂ ಬಿಟ್ಟ. ಗೋಡೆ ಗುಂಡಿನ ದಾರಕ್ಕೆ ಅಂಟಿದ ಹಾಗಿತ್ತು. ಆದರೆ ಮುನಿಆಂಜಿನಪ್ಪನವರ ಕಣ್ಣಿಗೆ ದಾರವೂ ವಾಲಿತ್ತು. "ಗಾಳಿಗೆ ಓಲಾಡ್ತಾ ಐತೆ ಅದು. ಮ್ಯಾಗಿನ್ ನಾಲ್ಕು ವರಸೆ ಕಿತ್ತಾಕು."

ಒಂದು ಎಲೆಯೂ ಅಲ್ಲಾಡದ ಮಧ್ಯಾಹ್ನ ಅದು. ಆದರೂ ಕೆಲಸ ಕಲಿಸಿದ ಗುರುವಿನ ಮಾತಿಗೆ ಎದುರಾಡಿ ಬೈರಣ್ಣನಿಗೆ ಅಭ್ಯಾಸವಿಲ್ಲ. ನಾಲ್ಕು ವರಸೆ ಇಟ್ಟಿಗೆ ಕಿತ್ತು, ಮೊದಲಿದ್ದ ಹಾಗೇ ಮತ್ತೆ ಕಟ್ಟಿದ. ಮರುದಿನ ಮುನಿಆಂಜಿನಪ್ಪ ಹತ್ತಿ ಬಂದು ನೋಡಿದರು. "ಇನ್ನೂ ಅಂಗೇ ಐತಲ್ಲಾ! ತೆಗಿ."

ಬೈರಣ್ಣ ಕೆಳಗಿಳಿದು ಮುನೇಶನನ್ನು ಹಿಡಿದುಕೊಂಡ. "ಮುನೇಶ, ಇಂಗಾದ್ರೆ ಆಷಾಢ ಅಲ್ಲ, ದೀಪಾವಳಿಗೂ ಬಾಗಿಲು ನಿಲ್ಲಲ್ಲ. ಏನ್ ಮಾಡ್ಲಿ?"

ಮುನೇಶ ಟ್ಯಾಂಕರಿನ ಪೈಪು ಸುತ್ತುತ್ತಾ ಯೋಚಿಸಿದ. "ಹೂಂ ಅಂತ ಹೇಳ್ಬಿಡಣ್ಣ. ಗೋಡೆಗೆ ಒದ್ದೆ ಗೋಣಿಚೀಲ ಮುಚ್ಚು. ಕಿತ್ತು ಕಟ್ಟಿದೀನಿ ಅನ್ನು. ಅಪ್ಪನ ಮನಸ್ಸೂ ಉಳಿಯುತ್ತೆ, ಕೆಲಸಾನೂ ಉಳಿಯುತ್ತೆ."

ವಿಷಯ ದ್ರೌಪದಮ್ಮನಿಗೂ ರಾಣಿಗೂ ತಿಳಿಯಿತು. ಅವರೂ ಸುಮ್ಮನಾದರು. ಎಲ್ಲರಿಗೂ ಇದು ಪ್ರೀತಿಯ ಕೆಲಸವೆಂದೇ ಅನ್ನಿಸಿತ್ತು. ಆದರೆ ಮೇಸ್ತ್ರಿಗಳಿಗೆ ಒಂದು ಚಾಳಿ ಇರುತ್ತದೆ. ಯಾವ ವರಸೆಯಿಂದ ಕೀಳಬೇಕೋ ಅಲ್ಲಿನ ಇಟ್ಟಿಗೆಗೆ ಇದ್ದಿಲಲ್ಲಿ ಒಂದು ಗೀಟು ಎಳೆಯುವುದು. ಮೂರನೇ ದಿನ ಗೋಣಿಚೀಲ ಸರಿಸಿದ ಮುನಿಆಂಜಿನಪ್ಪನವರಿಗೆ ತಾವೇ ಎಳೆದ ಗೀಟು ಇದ್ದಲ್ಲೇ ಇದ್ದದ್ದು ಕಂಡಿತು. ಅದಕ್ಕಂತೂ ಆ ಕಣ್ಣು ಸಾಕಾಗಿತ್ತು.

ಚೀಲ ಮೊದಲಿನಂತೆ ಮುಚ್ಚಿ, ಕನ್ನಡಕ ತೆಗೆಯದೇ ಊಟಕ್ಕೆ ಕೆಳಗಿಳಿದು ಬಂದರು. ಮುದ್ದೆ ಮುರಿದು, ಬಸ್ಸಾರಿನಲ್ಲಿ ಅದ್ದಿ, ಬಾಯಿಗಿಡದೆ ಕೇಳಿದರು. "ಮುನೇಶ, ಗೋಡೆ ಕಿತ್ತು ಕಟ್ಟಿದ್ರಾ?"

"ಹೂಂ ಅಪ್ಪ. ಕಟ್ಟಿದ್ವಲ್ಲ."

"ರಾಣಿ, ನೀನ್ ನೋಡ್ದಾ?"

ರಾಣಿ ಮಜ್ಜಿಗೆ ಪಾತ್ರೆಯೊಳಗೆ ನೋಡತೊಡಗಿದಳು.

"ದ್ರೌಪದಿ?"

"ಏನೋಪ್ಪ, ನಂಗೇನ್ ಗೊತ್ತಾಯ್ತದೆ ಗೋಡೆ ಇಚಾರ. ಊಟ ಮಾಡಿ, ಆರೋಯ್ತದೆ."

"ಗೀಟು ಅಲ್ಲೇ ಐತೆ" ಎಂದರು ಮುನಿಆಂಜಿನಪ್ಪ.

ದ್ರೌಪದಮ್ಮ ಸಾರಿನ ಸೌಟು ಕೆಳಗಿಟ್ಟರು. ಕೊನೆಗೆ ಮುನೇಶನೇ ಸಿಡಿದ. "ಮತ್ತೇನ್ ಮಾಡ್ಬೇಕಿತ್ತಪ್ಪ? ಗೋಡೆ ನೆಟ್ಟಗಿದೆ! ಗುಂಡು ಹೇಳ್ತಿದೆ, ರಸಮಟ್ಟ ಹೇಳ್ತಿದೆ, ನೀವೊಬ್ರೇ ಸೊಟ್ಟ ಅಂತೀರಿ!"

"ಅದನ್ನ ನನ್ ಮಕದ ಮ್ಯಾಲೆ ಯಾಕೆ ಹೇಳ್ಲಿಲ್ಲ? ಜಗಳ ಆಡ್ಬೇಕಿತ್ತು ನನ್ ಜೊತೆ. ಎಳೇ ಮಗೀಗೆ ಹೂಂ ಅನ್ನಂಗೆ ಹೂಂ ಅಂದ್ರಲ್ಲ, ಅದು ನನ್ಗೆ ಬ್ಯಾಸ್ರ."

"ಬೇಜಾರ್ ಆಗುತ್ತೆ ಅಂತಾನೇ ಮಾವ…" ಎಂದಳು ರಾಣಿ.

"ಈಗ ಆಗ್ಲಿಲ್ವಾ?" ಅವರ ದನಿ ತಗ್ಗಿತು. "ಗೋಡೆ ನೆಟ್ಟಗಿದ್ರೆ ನನ್ ಕಣ್ಣು ಸೊಟ್ಟ ಅಂತಾಯ್ತು. ಬಾಗಿಲು ಬೈರನೇ ನಿಲ್ಲಿಸ್ಲಿ. ನಾನ್ ಬರಾಕಿಲ್ಲ."

ಕನ್ನಡಕ ತೆಗೆದು ಫ್ರಿಜ್ಜಿನ ಮೇಲಿಟ್ಟು ಕೈ ತೊಳೆದರು. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿತ್ತು. ಆ ಮನೆಯಲ್ಲಿ ಅವರ ತಟ್ಟೆಯಲ್ಲಿ ಮುದ್ದೆ ಉಳಿದದ್ದು ಅದೇ ಮೊದಲು. ದ್ರೌಪದಮ್ಮ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನಾಲ್ಕು ದಿನ ಮನೆಯಲ್ಲಿ ಸಪ್ಪೆ. ಮೇಲಿನಿಂದ ಕರಣೆಯ ಸದ್ದು ಬಂದರೂ ಕೆಳಗಿನಿಂದ ಕೂಗು ಹೋಗುತ್ತಿರಲಿಲ್ಲ. ಬೈರಣ್ಣನಿಗೆ ಕೂಗು ಕೇಳದೆ ಕೈಯೇ ಓಡುತ್ತಿರಲಿಲ್ಲ. ದ್ರೌಪದಮ್ಮ ನಂಜನ್ನೆಲ್ಲ ಮರೆತು ಭಾನುವಾರ ಕೋಳಿಸಾರು ಮಾಡಿ ಬಡಿಸಿದರು. ಮುನಿಆಂಜಿನಪ್ಪ ಎರಡು ತುಂಡು ತಿಂದು ಎದ್ದರು.

ಸೋಮವಾರ ಕಾಲೇಜಿಗೆ ಹೊರಟ ಶಿಲ್ಪಳ ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಬೇರು ಬಿಟ್ಟಿತು. ಹೊತ್ತು ಹೋಗದೆ ಮೊಬೈಲ್ ತಿರುವುತ್ತಿದ್ದವಳಿಗೆ ತಾತನ ಆ ಫೋಟೋ ಸಿಕ್ಕಿತು. ಎಷ್ಟು ಹೆಮ್ಮೆಯಿಂದ ನಿಂತಿದ್ದರು! ದೊಡ್ಡದು ಮಾಡಿ ನೋಡಿದಳು. ತಾತನ ಹುಬ್ಬುಗಳು ನೇರವಾಗಿದ್ದವು, ಹಿಂದಿನ ಗೋಡೆಯೂ ನೇರ. ಕನ್ನಡಕ ಮಾತ್ರ ಬಲಗಡೆ ಮೇಲೇರಿ, ಎಡಗಡೆ ಕೆನ್ನೆಗೆ ಇಳಿದಿತ್ತು.

ಸಂಜೆ ಬಂದವಳೇ ಫ್ರಿಜ್ಜಿನ ಮೇಲಿನ ಕನ್ನಡಕ ಎತ್ತಿಕೊಂಡು ಅಪ್ಪನ ಸ್ಕೂಟರಿನ ಕೀ ಹಿಡಿದಳು. "ತಾತ, ಹತ್ತಿ. ಯಲಹಂಕಕ್ಕೆ ಹೋಗ್ಬೇಕು."

"ಯಾಕವ್ವ? ನನ್ಗೆ ಬ್ಯಾಡ ಆ ಕನ್ನಡಕ."

"ಜಗಳ ಆಡ್ಬೇಕಿತ್ತು ಅಂದ್ರಲ್ಲ, ಈಗ ಆಡ್ತಿದೀನಿ. ಹತ್ತಿ!"

ಹತ್ತಿದರು. ಎರಡೇ ನಿಮಿಷದಲ್ಲಿ ದ್ರೌಪದಮ್ಮನೂ ಚಪ್ಪಲಿ ಮೆಟ್ಟಿ, ಆಟೋ ಹಿಡಿದು ಹಿಂದೆಯೇ ಹೊರಟರು.

ಗೌಹರ್ ಕನ್ನಡಕವನ್ನು ಕೈಗೆ ತೆಗೆದುಕೊಂಡು ಹತ್ತಿಯನ್ನೊಮ್ಮೆ, ದಾರವನ್ನೊಮ್ಮೆ ನೋಡಿದರು. ನಗು ತಡೆಯಲು ಅವರು ಪಟ್ಟ ಪಾಡು ಕಾಣುತ್ತಿತ್ತು. "ಇದು ಯಾರು ಮಾಡಿದ ಇಂಜಿನಿಯರಿಂಗು?"

"ನಾನೇ ಕಣಮ್ಮ. ಮೂಗು ಒತ್ತುತಿತ್ತು ಅವ್ರಿಗೆ" ಎಂದರು ದ್ರೌಪದಮ್ಮ.

ಗೌಹರ್ ಹತ್ತಿ ಕಿತ್ತು, ದಾರ ಬಿಚ್ಚಿ, ಗಾಜನ್ನು ಮುನಿಆಂಜಿನಪ್ಪನವರ ಮುಂದೆ ಹಿಡಿದರು. "ಯಜಮಾನ್ರೇ, ಇದರೊಳಗಿಂದ ಆ ಕಿಟಕಿ ಸರಳು ನೋಡಿ. ಹೇಗಿದೆ?"

"ನೆಟ್ಟಗೈತೆ."

ಗೌಹರ್ ಗಾಜನ್ನು ಕೈಯಲ್ಲೇ ಸ್ವಲ್ಪ ತಿರುಗಿಸಿದರು. "ಈಗ?"

"ಅಲೆಲೆಲೆ! ವಾಲ್ತಾ ಐತೆ!" ಮುನಿಆಂಜಿನಪ್ಪ ಮುಂದಕ್ಕೆ ಬಾಗಿದರು. "ಇನ್ನೊಂದ್ ಕಿತ ತಿರುಗ್ಸಮ್ಮ."

"ಮಾಮೂಲಿ ಗಾಜಾದ್ರೆ ತಿರುಗಿದ್ರೂ ನಡೆಯುತ್ತೆ. ನಿಮ್ಮ ಥರದ ಕಣ್ಣಿಗೆ ಮಾಡಿದ ಗಾಜಿಗೆ ಒಂದು ದಿಕ್ಕು ಇರುತ್ತೆ. ಅದು ಕಣ್ಣಿನ ಮುಂದೆ ಅದೇ ದಿಕ್ಕಲ್ಲಿ ಕೂರಬೇಕು. ಫ್ರೇಮು ಸೊಟ್ಟ ಆದ್ರೆ ನೋಟಾನೂ ಸೊಟ್ಟ."

ಮುನಿಆಂಜಿನಪ್ಪ ತೊಡೆ ತಟ್ಟಿಕೊಂಡರು. "ಅಂದ್ರೆ ರಸಮಟ್ಟಾನೇ ಸೊಟ್ಟಕ್ಕಿಟ್ಟು, ಗೋಡೆ ಸೊಟ್ಟ ಅಂದಂಗಾಯ್ತು! ನನ್ ಕಣ್ಣಲ್ಲ, ಗೋಡೆ ಅಲ್ಲ, ಹತ್ತಿ!" ಅಂಗಡಿಯ ಗಾಜುಗಳೆಲ್ಲ ಅದುರುವಂತೆ ನಕ್ಕರು. ದ್ರೌಪದಮ್ಮ ಮೊದಲು ಮುಖ ಸಣ್ಣದು ಮಾಡಿಕೊಂಡರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. "ನಾಲ್ಕು ವರಸೆ ಇಟ್ಟಿಗೆ ಕೆಡವ್ತಲ್ಲಪ್ಪ ನನ್ನ ಒಂದ್ ಉಂಡೆ ಹತ್ತಿ!"

ಗೌಹರ್ ಫ್ರೇಮು ಬಿಸಿ ಮಾಡಿ ಬಗ್ಗಿಸಿ, ಮೂಗಿಗೆ ಮೆತ್ತನೆಯ ದಿಂಬು ಹಾಕಿ, ಕಿವಿಯ ಹಿಂದೆ ಜಾರದ ಹಾಗೆ ಕೂರಿಸಿಕೊಟ್ಟರು. "ಆದ್ರೆ ಯಜಮಾನ್ರೇ, ಇನ್ನೂ ಸ್ವಲ್ಪ ಓರೆ ಅನ್ನಿಸುತ್ತೆ. ಇಡೀ ದಿನ ಹಾಕಿದ್ರೆ ಮಾತ್ರ ಹೋಗೋದು. ಫ್ರಿಜ್ಜಿಗೆ ಕಣ್ಣಿಲ್ಲ, ಅದರ ಮೇಲೆ ಇಡಬೇಡಿ."

ಬಾಗಿಲಿಗೆ ಹದಿನಾಲ್ಕು ದಿನ ಉಳಿದಿತ್ತು. ರಾಣಿ ಹೊಸ ಚಾರ್ಟು ಅಂಟಿಸಿದಳು. ಕನ್ನಡಕದ ಚಿತ್ರ, ಹದಿನಾಲ್ಕು ಖಾಲಿ ಚೌಕ. ಮೊದಲ ಮೂರು ದಿನ ಮುನಿಆಂಜಿನಪ್ಪ ಮೆಟ್ಟಿಲನ್ನು ಕಾಲಲ್ಲಿ ತಡವಿ ತಡವಿ ಹತ್ತಿದರು. ಮುದ್ದೆ ನೋಡಿ, "ಇದ್ಯಾಕೆ ಹಲಸಿನಹಣ್ಣಿನಂಗೆ ಉದ್ದಕ್ಕೈತೆ?" ಎಂದರು. "ಉಂಡೆನೇ ಕಟ್ಟಿರೋದು, ತಿನ್ನಿ" ಎಂದರು ದ್ರೌಪದಮ್ಮ. ನಾಲ್ಕನೇ ದಿನ ತಲೆನೋವು ಹೋಯಿತು. ಎಂಟನೇ ದಿನ ನೆಲ ನೆಲದ ಹಾಗೆ ಕಂಡಿತು. ಹತ್ತನೇ ದಿನ ಪೂರ್ವದ ಗೋಡೆ ಮುಂದೆ ನಿಂತು, ಇದ್ದಿಲ ಗೀಟನ್ನು ಅಂಗೈಯಿಂದ ಒರೆಸಿದರು. "ಚೆನ್ನಾಗ್ ಕಟ್ಟಿದ್ದೀಯ ಕಣ್ಲಾ ಬೈರ. ಮೊದ್ಲೇ ಚೆನ್ನಾಗಿತ್ತು."

ಬೈರಣ್ಣ ಕರಣೆ ಎತ್ತಿಕೊಂಡ. "ಗಾರೆ ಗಟ್ಟಿಯಾಯ್ತು, ನೀರು ಚಿಮುಕ್ಸು" ಎಂದು ಅವರು ಮತ್ತೆ ಕೂಗಿದ ಮೇಲೇ ಅವನ ಕೈಗೆ ಜೀವ ಬಂದದ್ದು.

ಬಾಗಿಲಿನ ದಿನ ಬೆಳಿಗ್ಗೆ ಇಡೀ ಬೀದಿ ಮಹಡಿಯ ಮೇಲಿತ್ತು. ತೇಗದ ಬಾಗಿಲುವಾಡಕ್ಕೆ ಅರಿಶಿನ ಹಚ್ಚಿ, ಮಾವಿನೆಲೆ ಕಟ್ಟಿ, ಮೇಲಿನ ಪಟ್ಟಿಗೆ ನವಧಾನ್ಯದ ಹಳದಿ ಗಂಟು ಬಿಗಿದಿದ್ದರು. ಪೂಜಾರಿ ಕಾಯಿ ಒಡೆದರು. ನಾಲ್ಕು ಜನ ಬಾಗಿಲುವಾಡ ಎತ್ತಿ ನಿಲ್ಲಿಸಿ ಹಿಡಿದುಕೊಂಡರು. ಮುನಿಆಂಜಿನಪ್ಪ ಪಂಚೆ ಎತ್ತಿ ಕಟ್ಟಿ, ಕನ್ನಡಕ ಒರೆಸಿ ಹಾಕಿಕೊಂಡು, ಆರು ಹೆಜ್ಜೆ ಹಿಂದೆ ಸರಿದು, ಎಡಗಣ್ಣು ಮುಚ್ಚಿದರು. ತೂಗುಗುಂಡು ಬೈರಣ್ಣನ ಜೇಬಿನಲ್ಲೇ ಇತ್ತು. ಮೇಸ್ತ್ರಿ ನೋಡುವ ಮೊದಲು ಅದು ಹೊರಗೆ ಬರುವಂತಿಲ್ಲ.

"ಎಡಕ್ಕೆ ಒಂಚೂರು. ಆಂ. ಕೆಳಗೆ ಮರದ ಚಕ್ಕೆ ಕೊಡು. ಸಾಕು." ಇನ್ನೊಮ್ಮೆ ನೋಡಿದರು. "ಸರಿಗೈತೆ. ಗಾರೆ ತುಂಬ್ಸಿ."

ಯಾರೂ ಅಲ್ಲಾಡಲಿಲ್ಲ. ಬೈರಣ್ಣ ಬಾಗಿಲುವಾಡದ ಮೇಲ್ಗಡೆ ನೋಡಿದ, ಮುನೇಶನನ್ನು ನೋಡಿದ. ಮುನೇಶ ನೆಲ ನೋಡಿದ. ದ್ರೌಪದಮ್ಮ ಆರತಿ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಣ್ಣ…" ಎಂದ ಬೈರಣ್ಣ. "ತಪ್ಪು ತಿಳ್ಕೋಬ್ಯಾಡಿ. ನನ್ ಕಣ್ಣಿಗೆ… ಮೇಲ್ಗಡೆ ಒಂದ್ ನೂಲು ಒಳಕ್ಕೈತೆ."

"ಒಂದ್ ನೂಲಾ?"

"ಒಂದ್ ನೂಲು."

"ಗಟ್ಟಿಯಾಗ್ ಹೇಳ್ತೀಯಾ?"

ಬೈರಣ್ಣ ಅವರ ಮುಖವನ್ನೇ ನೋಡಿದ. "ಗಟ್ಟಿಯಾಗೇ ಹೇಳ್ತೀನಣ್ಣ. ಇದು ಸರಿಗಿಲ್ಲ."

ಮುನಿಆಂಜಿನಪ್ಪನವರ ಮುಖ ಅರಳಿತು. "ಗುಂಡು ಬಿಡು."

ಗುಂಡು ಇಳಿಯಿತು, ಆಡಿತು, ನಿಂತಿತು. ಮೇಲ್ಗಡೆ ಸರಿಯಾಗಿ ಒಂದು ನೂಲು ಒಳಕ್ಕಿತ್ತು.

"ನನ್ಗೂ ಕಾಣ್ತಾ ಐತೆ ಕಣ್ಲಾ ಬೈರ!" ಎಂದು ಮುನಿಆಂಜಿನಪ್ಪ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ನೀನ್ ಬಾಯ್ಬಿಡ್ತೀಯೋ, ಮತ್ತೆ ಹೂಂ ಅಂತೀಯೋ ಅಂತ ನೋಡ್ದೆ. ಇವತ್ತು ನೀನು ಮೇಸ್ತ್ರಿ ಆದೆ. ಬಾ, ಈ ಕಡೆ ಹಿಡ್ಕೋ."

ಇಬ್ಬರೂ ಒಂದೊಂದು ಕಡೆ ಹಿಡಿದು ಒಂದು ನೂಲು ಹೊರಕ್ಕೆ ತಂದರು. ಶಿಲ್ಪ ಶಿಳ್ಳೆ ಹೊಡೆದಳು, ಪೂಜಾರಿಯೂ ಬೈಯಲಿಲ್ಲ. ರಾಣಿ ತನ್ನ ಚೀಲದಿಂದ ಹದಿನಾಲ್ಕನೇ ಸ್ಟಾರು ತೆಗೆದು, ಎಲ್ಲರೆದುರಿಗೆ ಮಾವನ ಜೇಬಿನ ಮೇಲೆ ಅಂಟಿಸಿದಳು.

ಹೊಸ ಬಾಗಿಲಿನಲ್ಲಿ ಮೊದಲು ಒಳಗೆ ಹೋಗಬೇಕಾದವರು ಮನೆಯ ಹಿರಿಯ ಮುತ್ತೈದೆ. ದ್ರೌಪದಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲ ಮುಂದೆ ಬಂದು ನಿಂತರು. ಮುನಿಆಂಜಿನಪ್ಪ ಆರು ಹೆಜ್ಜೆ ದೂರದಲ್ಲಿ ಹಾಗೇ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಇನ್ನೂ ಏನ್ ನೋಡ್ತಿದ್ದೀರಾ? ಬಾಗಿಲು ಆಯ್ತಲ್ಲ."

"ಬಾಗಿಲಲ್ಲ. ನಿನ್ ಕುಂಕುಮ ಒಂದ್ ನೂಲು ಎಡಕ್ಕೈತೆ."

"ಮದ್ವೆ ಆದಾಗಿಂದ ಅಲ್ಲೇ ಇಕ್ತಿದ್ದೀನಿ" ಎಂದರು ದ್ರೌಪದಮ್ಮ, ಬಲಗಾಲು ಎತ್ತುತ್ತಾ. "ಇವತ್ತು ಕಾಣ್ತಾ ನಿಮ್ಗೆ?"

"ಇವತ್ತು ಕಾಣ್ತು" ಎಂದರು ಮುನಿಆಂಜಿನಪ್ಪ. "ಇರ್ಲಿ, ಅದನ್ನ ಕೆಡವೋದ್ ಬ್ಯಾಡ."